ಹತ್ತದೆ ಎಳೆದ ಗೆರೆ

ಆ ವರ್ಷದ ಕೆಲಸ ಮುಗಿಯಲು ಮೂರು ದಿನ ಉಳಿದಿದ್ದವು. ಹುನ್ನೂರಿನ ಹೊರಗೆ ಬೇವಿನ ಮರದ ಕೆಳಗೆ ನಮ್ಮ ಡೇರೆ. ಹಲಗೆಯ ಮೇಲೆ ನಕಾಶೆ ಹಾಸಿಕೊಂಡು ನಾನು ಪೆನ್ಸಿಲಿನ ಗೆರೆಗಳ ಮೇಲೆ ಶಾಯಿ ಎಳೆಯುತ್ತಿದ್ದೆ. ಪೆನ್ಸಿಲ್ ಗೆರೆ ಸರ್ವೇದವನದು, ಶಾಯಿಯ ಗೆರೆ ಸರಕಾರದ್ದು. ಒಮ್ಮೆ ಶಾಯಿ ಬಿದ್ದ ಮೇಲೆ ಅದನ್ನು ಕೆರೆದು ತೆಗೆಯಬೇಕಾದರೆ ಮೇಲಿನವರಿಗೆ ಕಾರಣ ಬರೆದು ಕೊಡಬೇಕು. ಹೀಗಾಗಿ ಉಸಿರು ಬಿಗಿಹಿಡಿದು ಕೆಲಸ ಮಾಡುತ್ತಿದ್ದೆ. ಅಷ್ಟರಲ್ಲಿ ಹೊರಗೆ ಯಾರೋ ಅಳತೆಯ ಸರಪಳಿ ಎಳೆಯುವ ನಮ್ಮ ಸರಪಳಿಯವನ ಜೊತೆ ಜಗಳಕ್ಕೆ ನಿಂತದ್ದು ಕೇಳಿಸಿತು.

"ನಿಮ್ಮ ಝಂಡಾ ನಮ್ಮ ಹಿರ್ಯಾರ ಎದಿಯಾಗ ಚುಚ್ಚೀರಿ. ಮದಲ ಅದನ್ನ ತಗೀರಿ."

"ಅಜ್ಜಾ, ಕಲ್ಲಿನ ಗುಡ್ಡಿಯೊಳಗ ಬಿದರಕೋಲ ನಿಲ್ಲಿಸೇನಿ. ಯಾರ ಎದಿಯಾಗೂ ಚುಚ್ಚಿಲ್ಲ."

"ಅದಽ ಹೇಳಾಕತ್ತೇನಿ. ಆ ಗುಡ್ಡಿ ನಮ್ಮದು. ಸರಕಾರದ ಕಲ್ಲ ಬ್ಯಾರೆ ಐತಿ. ಅದರ ಮ್ಯಾಲ ಹಾಕ್ಕೋರಿ."

ನಾನು ಲೇಖನಿ ಎತ್ತಿ ಹಿಡಿದೆ. ಕೊನೆಯ ಮಾತು ಕೇಳಿ ಶಾಯಿಯ ಬುಡ್ಡಿಗೆ ಮುಚ್ಚಳ ಹಾಕಿದೆ. ಯಾಕೆ ಎನ್ನುವುದನ್ನು ಹೇಳಿಬಿಡುತ್ತೇನೆ.

ಸಂಸ್ಥಾನಗಳು ಹೋಗಿ ನಮ್ಮ ಸೀಮೆಯೆಲ್ಲ ಮುಂಬಯಿ ರಾಜ್ಯಕ್ಕೆ ಸೇರಿದ ಹೊಸದು. ಹುನ್ನೂರಿನ ಆಚೆಗಿನ ಆ ಎತ್ತರದ ಗುಡ್ಡ ಹಿಂದೆ ದರಬಾರಿನ ಬೇಟೆಯ ಕಾಡಾಗಿತ್ತು. ತಲೆಮಾರುಗಟ್ಟಲೆ ಯಾರೂ ಕೊಡಲಿ ಹಾಕದ್ದರಿಂದ, ಸುತ್ತಲಿನ ಗುಡ್ಡಗಳು ಬೋಳಾಗಿದ್ದರೂ ಅದೊಂದು ಬುಡದಿಂದ ತಲೆಯವರೆಗೆ ಮರ ಹೊತ್ತು ನಿಂತಿತ್ತು. ಈಗ ಅದು ಮೀಸಲು ಅರಣ್ಯವಾಗಬೇಕು. ಮರಾಠಿಯ ಹಳೆಯ ಮೋಡಿ ಲಿಪಿಯ ಕಾಗದದಲ್ಲಿದ್ದ ಗಡಿಯನ್ನು ಹೊಸ ನಕಾಶೆಗೆ ಇಳಿಸುವುದು ನನ್ನ ಕೆಲಸ. ಕಾಗದದಲ್ಲಿ ಬರೆದದ್ದು ಸರಳವಾಗಿತ್ತು: ಪಡುವಣ ದಿನ್ನೆಯ ಕಲ್ಲಿನಿಂದ ಗುಡ್ಡದ ತಲೆಯ ಮೇಲಿನ ಕಲ್ಲಿಗೆ ನೇರ ಗೆರೆ. ಗೆರೆಯ ಬಡಗಣಕ್ಕೆ ಕಾಡು, ಅಲ್ಲಿ ಕುರಿ ಕಾಲಿಡುವಂತಿಲ್ಲ. ತೆಂಕಣಕ್ಕೆ ದನಕುರಿ ಮೇಯುವ ಬಯಲು.

ನಾನು ಎಳೆದ ಗೆರೆಯಿಂದ ಎರಡೇ ಸರಪಳಿ, ಎಂದರೆ ಅರವತ್ತಾರು ಅಡಿ, ತೆಂಕಣಕ್ಕೆ, ಗುಡ್ಡದ ತಲೆಗೆ ಸಮೀಪ, ಒಂದು ಒರತೆ ಇತ್ತು. ಬೇಸಿಗೆಯ ಕೊನೆಯ ಎರಡು ತಿಂಗಳು ಆ ಗುಡ್ಡದ ಕುರಿಗಳಿಗೆಲ್ಲ ಅದೊಂದೇ ನೀರು. ಗೆರೆ ಅದರ ಮೇಲುಗಡೆ ಹಾಯ್ದದ್ದರಿಂದ ಕುರಿಗಾರರು ನಿಶ್ಚಿಂತರಾಗಿದ್ದರು. ಈಗ ಮುದುಕ ಹೇಳುವ ಕಲ್ಲು ಬೇರೆ ಕಡೆ ಇದ್ದರೆ ಗೆರೆ ಸರಿಯುತ್ತದೆ. ಬಡಗಣಕ್ಕೆ ಸರಿದರೆ ಒಂದಿಷ್ಟು ಮುಳ್ಳುಕಂಟಿ ಆಚೀಚೆಯಾದೀತು, ಅಷ್ಟೆ. ತೆಂಕಣಕ್ಕೆ ಸರಿದರೆ ಒರತೆ ಕಾಡಿನೊಳಗೆ ಹೋಗುತ್ತದೆ.

ಇನ್ನು ನನ್ನ ತಪ್ಪು. ಚಳಿಗಾಲದಲ್ಲಿ ಆ ಗುಡ್ಡದ ತಲೆಯನ್ನು ನಕಾಶೆಗೆ ಇಳಿಸುವಾಗ ಕೆಳಗೆ ಎರಡು ಕಡೆ ಮೂರು ಕಾಲಿನ ಮೇಲೆ ನಕಾಶೆಯ ಹಲಗೆ ನಿಲ್ಲಿಸಿ, ಎರಡೂ ಕಡೆಯಿಂದ ಮೇಲಿನ ಝಂಡಾಕ್ಕೆ ನೋಟ ಹಿಡಿದಿದ್ದೆ. ಎರಡು ಗೆರೆ ಕೂಡಿದ ಜಾಗವೇ ಗುಡ್ಡದ ತಲೆ. ಈ ವಿಧಾನದಲ್ಲಿ ದೋಷವಿಲ್ಲ. ಆದರೆ ಅದಕ್ಕೂ ಮೊದಲು ಸರ್ವೇದವನು ತಾನೇ ಗುಡ್ಡ ಹತ್ತಿ, ಕಲ್ಲು ಹುಡುಕಿ, ಅದರ ಮೇಲೆ ತನ್ನ ಕೈಯಿಂದ ಝಂಡಾ ನಿಲ್ಲಿಸಬೇಕು. ನಾನು ಹತ್ತಲಿಲ್ಲ. ಜ್ವರ ಬಂದಿತ್ತು ಎಂದು ಈಗ ಬರೆಯಬಹುದು, ಕೇಳುವವರು ಯಾರೂ ಇಲ್ಲ. ಆದರೆ ಜ್ವರ ಬಂದಿರಲಿಲ್ಲ, ಮೈಗಳ್ಳತನ ಬಂದಿತ್ತು. ಸರಪಳಿಯವನ ಕೈಗೆ ಬಿದಿರುಕೋಲು ಕೊಟ್ಟು, "ಮೇಲೆ ಕಲ್ಲು ಇರುತ್ತದೆ, ಅದರ ಮೇಲೆ ನಿಲ್ಲಿಸಿ ಬಾ" ಎಂದು ಕಳಿಸಿದೆ. ಅವನು ಹೋದ, ಕಲ್ಲು ಕಂಡ, ನಿಲ್ಲಿಸಿ ಬಂದ.

ಡೇರೆಯಿಂದ ಹೊರಗೆ ಬಂದು ಮುದುಕನನ್ನು ಕೂಡಿಸಿ ನೀರು ಕೊಟ್ಟೆ. ಅರವತ್ತರ ಆಸುಪಾಸಿನ ಕುರಿಗಾರ, ಹೆಗಲ ಮೇಲೆ ಕಂಬಳಿ, ಹಣೆಯ ತುಂಬ ಭಂಡಾರದ ಅರಿಸಿನ. ಸರಕಾರದ ಕಲ್ಲು ಗುಡ್ಡಿಯಿಂದ ಎಷ್ಟು ದೂರವಿದೆ ಎಂದು ಕೇಳಿದೆ.

"ಬಾಳ ದೂರಿಲ್ರಿ."

"ಯಾವ ದಿಕ್ಕಿಗೆ?"

"ಅಲ್ಲಿ ನಿಂತರ ಕಾಣತೈತಿ. ಇಲ್ಲಿ ಕುಂತ ಹೆಂಗ ತೋರಸ್ಲಿ? ನಾಳಿ ನಸಕಿನ್ಯಾಗ ಬರ್ರಿ, ಕರಕೊಂಡ ಹೋಕ್ಕೇನಿ. ಆದ್ರ ಝಂಡಾ ಮಾತ್ರ ನಾಳಿ ಅಲ್ಲಿಂದ ಕಿತ್ತಬೇಕ ನೋಡ್ರಿ."

ಅವನಿಗೆ ಬೇಕಾದದ್ದು ಅಷ್ಟೇ. ಗಡಿ, ನಕಾಶೆ, ಒರತೆ ಯಾವುದೂ ಅವನ ತಲೆಯಲ್ಲಿರಲಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಬುಡ ಬಿಟ್ಟೆವು. ನನ್ನ ಹೆಗಲಿಗೆ ಚೀಲ, ಅದರಲ್ಲಿ ದಿಕ್ಸೂಚಿ, ನೋಟ ಹಿಡಿಯುವ ಪಟ್ಟಿ, ಕಾಗದ, ಶಾಯಿ, ಎರಡು ಹೊತ್ತಿನ ರೊಟ್ಟಿ. ಸರಪಳಿಯವ ಹಲಗೆಯನ್ನು ತಲೆಯ ಮೇಲೂ ಅದರ ಮೂರು ಕಾಲನ್ನು ಕಂಕುಳಲ್ಲೂ ಹೊತ್ತಿದ್ದ. ಕಬ್ಬಿಣದ ಸರಪಳಿಯನ್ನು ಕುರಿಗಾರ ತಾನೇ ಕೇಳಿ ತೆಗೆದುಕೊಂಡ. ಸರಪಳಿಯವ ಬನಹಟ್ಟಿಯ ನೇಕಾರರ ಮನೆಯವ, ಬಾಯಿಗೆ ಬೀಗವಿಲ್ಲದ ಮನುಷ್ಯ.

"ಕುಣ್ಯಾಗ ಕಾಲ ಇಳಿಬಿಟ್ಟ ಮಗ್ಗಕ್ಕ ಕುಂದ್ರೂದ ಬ್ಯಾಸರಾಗಿ ಈ ನೌಕರಿಗೆ ಬಂದ್ನಿ," ಎಂದ ಒಂದು ಏರು ಮುಗಿದ ಕೂಡಲೆ. "ನಮ್ಮಪ್ಪ ಅಂದಿದ್ದ, ಕುಂತ ತಿನ್ನೂದ ಬಿಟ್ಟ ಯಾಕ ಹೊಕ್ಕೀಲೇ ಅಂತ. ಇವತ್ತ ಅವನ ಮಾತ ನೆಪ್ಪಾಗಾಕತ್ತೈತಿ."

"ಝಂಡಾ ಹಾಕಾಕ ಬಂದಾಗ ಎಷ್ಟ ಹೊತ್ತಿನಾಗ ಹತ್ತಿದ್ದಿ?" ಎಂದು ಕುರಿಗಾರ ಕೇಳಿದ.

"ಆಗ ಥಂಡಿ ಇತ್ತ, ಅಜ್ಜಾ. ತಲಿ ಮ್ಯಾಲ ಹಲಗಿ ಇರಲಿಲ್ಲ."

ಬೇಸಿಗೆಯ ಕೊನೆ. ಮರಗಳೆಲ್ಲ ಎಲೆ ಉದುರಿಸಿ ಬರಿದಾಗಿದ್ದವು, ಕಾಲಿಟ್ಟಲ್ಲೆಲ್ಲ ತರಗೆಲೆ ಸದ್ದು. ಕವಳಿ ಕಂಟಿ ಮಾತ್ರ ಹಸಿರಾಗಿತ್ತು, ಅದರ ಕಾಯಿ ಕಪ್ಪಾಗುತ್ತಿದ್ದವು. ತಪಸಿ ಮರಗಳ ಬೂದು ಬೊಡ್ಡೆಗಳ ನಡುವೆ ಕುರಿದಾರಿ ಹಾವಿನಂತೆ ಹತ್ತುತ್ತಿತ್ತು. ಹಳೆಯ ಬೇಟೆಯವರು ಅಡಗಿ ಕೂಡುತ್ತಿದ್ದ ಒಂದು ಕಲ್ಲುಗೋಡೆ ಕುಸಿದು ಬಿದ್ದಿತ್ತು, ಅದರ ಸಂದಿನಿಂದ ಕೌಜುಗ ಹಕ್ಕಿಗಳ ಒಂದು ಹಿಂಡು ಎದ್ದು ಓಡಿತು. ಕುರಿಗಾರ ಎಲ್ಲಿಯೂ ನಿಲ್ಲಲಿಲ್ಲ, ವೇಗವಾಗಿಯೂ ನಡೆಯಲಿಲ್ಲ. ನಾನು ನೂರು ಹೆಜ್ಜೆ ಬಿರುಸಿನಿಂದ ಹತ್ತಿ ಮಂಡಿ ಹಿಡಿದು ನಿಂತಾಗ ಅವನು ಅದೇ ನಡಿಗೆಯಲ್ಲಿ ನನ್ನನ್ನು ದಾಟಿ ಹೋಗುತ್ತಿದ್ದ. ಮೂರು ಸಲ ಹೀಗಾದ ಮೇಲೆ ನಾನು ಅವನ ಬೆನ್ನ ಹಿಂದೆ ಸೇರಿ ಅವನ ಹೆಜ್ಜೆಗೇ ಹೆಜ್ಜೆ ಹಾಕಿದೆ. ಚಳಿಗಾಲದಲ್ಲೇ ಇದನ್ನು ಮಾಡಬಹುದಿತ್ತಲ್ಲ ಎಂದು ನನ್ನನ್ನು ನಾನೇ ಬೈದುಕೊಂಡೆ.

ಮುಕ್ಕಾಲು ಗುಡ್ಡ ಹತ್ತಿದಾಗ ಒರತೆ ಸಿಕ್ಕಿತು. ಒಂದು ಬಸರಿ ಮರ, ಅದರ ಬೇರಿನ ಕೆಳಗೆ ಬಂಡೆಯ ಸೀಳು, ಸೀಳಿನಿಂದ ಕಿರುಬೆರಳಿನ ದಪ್ಪ ನೀರು. ಅದು ಕಲ್ಲಿನಲ್ಲಿ ಕಡೆದ ಮೂರು ದೋಣಿಗಳಿಗೆ ಒಂದರಿಂದೊಂದಕ್ಕೆ ಇಳಿಯುತ್ತಿತ್ತು. ಕುರಿಗಾರನ ಸೊಸೆ ಅಲ್ಲಿ ಹಿಂಡನ್ನು ನಿಲ್ಲಿಸಿಕೊಂಡಿದ್ದಳು. ಹತ್ತು ಹತ್ತು ಕುರಿಗಳನ್ನು ಬಿಟ್ಟು, ಅವು ಕುಡಿದ ಮೇಲೆ ದೋಣಿ ತುಂಬುವ ತನಕ ಉಳಿದವನ್ನು ಕೋಲು ಅಡ್ಡ ಹಿಡಿದು ತಡೆಯುತ್ತಿದ್ದಳು. ಅವಳ ಕಂಬಳಿಯ ಮಡಿಕೆಯಲ್ಲಿ ನಿನ್ನೆ ಹುಟ್ಟಿದ ಒಂದು ಮರಿ ಇತ್ತು.

"ನೀವೇನ್ರಿ ಗೆರಿ ಎಳ್ಯಾವ್ರು?" ಎಂದಳು. "ಈ ನೀರ ನಮ್ಮ ಕಡೆ ಬಂತಂತ, ಛಲೋ ಆತ್ರಿ. ಇಲ್ಲಂದ್ರ ಹೊಳಿಗೆ ಹೊಡಕೊಂಡ ಹೋಗಬೇಕಾಗತಿತ್ತು. ಈ ಬಿಸಲಾಗ ಮರಿ ಒಂದೂ ಉಳೀತಿರಲಿಲ್ಲ."

ಅವಳು ತಂಬಿಗೆಯಲ್ಲಿ ನೀರು ಕೊಟ್ಟಳು. ನಾನು ಕುಡಿದೆ. ತಣ್ಣಗಿತ್ತು, ಆದರೆ ಅವಳ ಮುಖ ನೋಡಲು ಆಗಲಿಲ್ಲ.

ಗುಡ್ಡದ ತಲೆ ಚೂಪಾಗಿರಲಿಲ್ಲ. ನಮ್ಮ ಕಡೆಯ ಗುಡ್ಡಗಳೆಲ್ಲ ಹಾಗೆಯೇ, ಹತ್ತಿದ ಮೇಲೆ ಒಂದು ಸಪಾಟು ಮಾಳ. ನಡುವೆ ಎದೆಯೆತ್ತರದ ಕಲ್ಲುಗುಡ್ಡಿ, ಅದರ ನೆತ್ತಿಯಲ್ಲಿ ನಮ್ಮ ಬಿದಿರುಕೋಲು, ತುದಿಯಲ್ಲಿ ಬಿಸಿಲಿಗೆ ಬಣ್ಣ ಹೋದ ಬಟ್ಟೆ. ಕುರಿಗಾರ ದೂರದಲ್ಲೇ ಚಪ್ಪಲಿ ಬಿಟ್ಟು, ರುಮಾಲು ತೆಗೆದು ಕೈಯಲ್ಲಿ ಹಿಡಿದ. ಅವರಲ್ಲಿ ಒಂದು ರೂಢಿ. ಹಟ್ಟಿಯ ಹಿರಿಯ ತೀರಿಕೊಂಡರೆ, ಅವನು ಹಟ್ಟಿಯ ಬಾಗಿಲಲ್ಲಿ ಕೂತು ಕುರಿ ಎಣಿಸುತ್ತಿದ್ದ ಕಲ್ಲನ್ನು ಮಗ ಹೆಗಲ ಮೇಲೆ ಹೊತ್ತು ತಂದು ಇಲ್ಲಿ ಇಡುತ್ತಾನೆ. ಬೀರದೇವರ ಗುಡಿ ಕೆಳಗೆ ಊರಲ್ಲಿದೆ, ಹಿರಿಯರು ಮಾತ್ರ ಇಲ್ಲಿ. ಮೇಲಿನಿಂದ ಅವರು ಹಿಂಡು ನೋಡುತ್ತಿರುತ್ತಾರೆ ಎಂದು ನಂಬಿಕೆ. ಅವನು ಒಂದೊಂದೇ ಕಲ್ಲು ಮುಟ್ಟಿ ಇದು ನಮ್ಮ ಮುತ್ಯಾ, ಇದು ಅವರಣ್ಣ, ಇದು ಕಡಪಟ್ಟಿ ಹಟ್ಟಿಯವರ ಅಜ್ಜ ಎಂದು ಹೇಳುತ್ತ ಒಂದು ಸುತ್ತು ಬಂದ. ಬಂದು, ಗುಡ್ಡಿಯಿಂದ ನಾಲ್ಕು ಮಾರು ದೂರ ನೆರಳಲ್ಲಿ ಬಿದ್ದಿದ್ದ ಒಂದು ಚಪ್ಪಟೆ ಕಲ್ಲಿನ ಹತ್ತಿರ ನಿಂತ.

"ಇದನ್ನ ಯಾರ ತಗದವ್ರು?"

ಸರಪಳಿಯವ ಮುಂದೆ ಬಂದ. "ನಾನಽ. ಕೋಲ ಬಿಗಿಯಾಗಲಿಲ್ಲಂತ ಮ್ಯಾಲಿಂದ ಒಂದು ತಗದೆ. ಆಮ್ಯಾಲ ಅದರ ಮ್ಯಾಲ ಕುಂತ ರೊಟ್ಟಿ ತಿಂದೆ."

"ಇದು ನಮ್ಮಪ್ಪಂದು."

ಸರಪಳಿಯವ ಹಲಗೆ ಕೆಳಗಿಟ್ಟು, ಚಪ್ಪಲಿ ಕಳಚಿ, ಆ ಕಲ್ಲನ್ನು ಎರಡೂ ಕೈಯಿಂದ ಎತ್ತಿಕೊಂಡು, "ಎಲ್ಲಿಡ್ಲಿ ಹೇಳ್ರಿ" ಎಂದ. ಅಜ್ಜನಿಗೆ ಅವನು 'ರಿ' ಹಚ್ಚಿದ್ದು ಅದೇ ಮೊದಲು. ಮುದುಕ ತೋರಿಸಿದಲ್ಲಿ ಇಟ್ಟು, ಬಿದಿರುಕೋಲನ್ನು ತಾನೇ ಕಿತ್ತ.

"ಈಗ ಬರ್ರಿ, ನಿಮ್ಮ ಕಲ್ಲ ತೋರಸ್ತೇನಿ," ಎಂದು ಕುರಿಗಾರ ರುಮಾಲು ಸುತ್ತಿಕೊಳ್ಳುತ್ತ ನಡೆದ. ಹಿಂದೆಯೇ ನಾನು. ಬೆಳಗಿನ ಬಿಸಿಲು ನನ್ನ ಎಡಗೆನ್ನೆಗೆ ಬೀಳುತ್ತಿತ್ತು. ದಿಕ್ಸೂಚಿ ತೆಗೆಯುವ ಅಗತ್ಯವೇ ಇರಲಿಲ್ಲ, ನಾವು ತೆಂಕಣಕ್ಕೆ ಹೋಗುತ್ತಿದ್ದೆವು. ಇಲ್ಲೇ ನಿಲ್ಲಲಿ, ಇನ್ನೊಂದು ಹೆಜ್ಜೆಗೆ ನಿಲ್ಲಲಿ ಎಂದು ಮನಸ್ಸಿನಲ್ಲಿ ಅನ್ನುತ್ತ ನಡೆದೆ. ಅವನು ಮಾಳದ ಅಂಚಿನವರೆಗೆ ಹೋಗಿ, ಒಂದು ಕವಳಿ ಪೊದೆಯನ್ನು ಕೋಲಿನಿಂದ ಬಗ್ಗಿಸಿ ಹಿಡಿದ. ನಾನು ಕೈಯಿಂದ ಹುಲ್ಲು ಕೆರೆದೆ. ನೆಲದ ಮಟ್ಟಕ್ಕೆ ಹುಗಿದ ಕರಿಕಲ್ಲಿನ ಚಪ್ಪಡಿ. ಅದರ ಮೇಲೆ ಒಂದು ವೃತ್ತ, ನಡುವೆ ಉಳಿಯಿಂದ ಕೊರೆದ ಚುಕ್ಕಿ, ಪಕ್ಕದಲ್ಲಿ ಒಂದು ಮೋಡಿ ಅಕ್ಷರ. ಸಂಶಯಕ್ಕೆ ಜಾಗವಿರಲಿಲ್ಲ.

ಗುಡ್ಡಿಯಿಂದ ಕಲ್ಲಿಗೆ ಅಳೆದೆವು. ಹದಿನಾರು ಆಣೆಗೆ ಒಂದು ಸರಪಳಿ ಎಂಬ ಲೆಕ್ಕದ ಮೂವತ್ಮೂರು ಅಡಿಯ ಸರಪಳಿಯಲ್ಲಿ ನಾಲ್ಕು ಸರಪಳಿ, ಏಳು ಆಣೆ. ಮತ್ತೊಮ್ಮೆ ತಿರುಗಿ ಅಳೆದರೂ ಅಷ್ಟೇ ಬಂತು. ಹಲಗೆಯ ಮೇಲೆ ಲೆಕ್ಕ ಹಾಕಿದೆ. ತಲೆ ಇಷ್ಟು ಸರಿದರೆ ಒರತೆಯ ಹತ್ತಿರ ಗೆರೆ ಮೂರು ಸರಪಳಿಗಿಂತ ಹೆಚ್ಚು ಸರಿಯುತ್ತದೆ. ಒರತೆ ನನ್ನ ಗೆರೆಯಿಂದ ಎರಡೇ ಸರಪಳಿ ಈಚೆಗಿತ್ತು. ಅಂದರೆ ಅದು ಒಂದು ಸರಪಳಿಗೂ ಹೆಚ್ಚು ಕಾಡಿನೊಳಗೆ ಹೋಯಿತು.

ನನ್ನ ಮುಖ ನೋಡಿ ಸರಪಳಿಯವನಿಗೆ ಅರ್ಥವಾಯಿತು. ಇಷ್ಟು ವರ್ಷ ಸರಪಳಿ ಎಳೆದವನಿಗೆ ಅರ್ಥವಾಗದೆ ಇರುತ್ತದೆಯೇ? ಕುರಿಗಾರ ದೂರ ಕೂತು ತಂಬಾಕು ತಿಕ್ಕುತ್ತಿದ್ದ. ಸರಪಳಿಯವ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ.

"ಸಾಹೇಬ್ರ, ಪೊದಿ ಬಿಟ್ರ ಅದು ಮತ್ತ ಮುಚಗೋತೈತ್ರಿ. ನಾವು ಇದನ್ನ ನೋಡೇ ಇಲ್ಲ. ಶಾಯಿ ಹೆಂಗೂ ಹಾಕೀರಿ. ಅವ್ರಿಗೆ ನೀರ ಉಳೀತೈತಿ, ನಿಮಗ ನೌಕರಿ ಉಳೀತೈತಿ."

ನನ್ನದು ಇನ್ನೂ ಕಾಯಂ ಆಗದ ನೌಕರಿ, ಆ ಮಳೆಗಾಲದಲ್ಲಿ ಆಗಬೇಕಿತ್ತು. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನನಗೆ ಬಹಳ ಆಸೆಯಾಯಿತು. ಬಡವರ ನೀರು ಉಳಿಸಿದೆ ಎಂಬ ಸಮಾಧಾನವೂ ಸಿಗುತ್ತದೆ, ನನ್ನ ಮೈಗಳ್ಳತನವೂ ಮುಚ್ಚಿಹೋಗುತ್ತದೆ. ಇವೆರಡೂ ಇಷ್ಟು ಚೆನ್ನಾಗಿ ಹೊಂದಿಕೊಂಡದ್ದೇ ನನ್ನಲ್ಲಿ ಅನುಮಾನ ಹುಟ್ಟಿಸಿತು. ದಯೆ ತೋರಿಸುತ್ತಿದ್ದೇನೋ, ಅದರ ಮರೆಯಲ್ಲಿ ಅಡಗುತ್ತಿದ್ದೇನೋ ನನಗೇ ಹೇಳಲಾಗುತ್ತಿರಲಿಲ್ಲ.

ಕುರಿಗಾರನನ್ನು ಕರೆದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸರಕಾರದ ಕಲ್ಲು ಇಲ್ಲಿದೆ. ಗೆರೆ ಇಲ್ಲಿಗೆ ಬರಬೇಕು. ಬಂದರೆ ಒರತೆ ಕಾಡಿನ ಪಾಲು.

ಅವನು ತಂಬಾಕನ್ನು ಬಾಯಿಗೆ ಹಾಕದೆ ಚಂಚಿಗೆ ಮರಳಿ ಸುರಿದ. ಆಮೇಲೆ ಕಲ್ಲನ್ನೂ ನನ್ನನ್ನೂ ನೋಡಿ, "ನಾ ತೋರಿಸಿದ್ದಕ್ಕ ಆತೇನ್ರಿ ಇದು?" ಎಂದ.

"ಇಲ್ಲ. ನಾನು ಮೊದಲೇ ಹತ್ತಿ ನೋಡದ್ದಕ್ಕೆ ಆಯಿತು."

"ಕಲ್ಲ ಎಲ್ಲಿತ್ತೋ ಅಲ್ಲೇ ಐತ್ರಿ. ಅದನ್ನ ಇಲ್ಲಾ ಅನ್ನಾಕ ಬರೂದಿಲ್ಲ." ಸರಪಳಿಯವ ಮುಖ ತಿರುಗಿಸಿಕೊಂಡ.

ಆಗ ನನಗೆ ಒಂದು ದಾರಿ ಹೊಳೆಯಿತು. ಕಾಡನ್ನು ಮೀಸಲು ಮಾಡುವ ಮುಂಚೆ ಅದರೊಳಗಿನ ದಾರಿ, ನೀರು, ಮೇವಿನ ಮೇಲೆ ಜನರಿಗೆ ರೂಢಿಯ ಹಕ್ಕು ಇದ್ದರೆ ನಕಾಶೆಯ ಜೊತೆಗಿನ ಪಟ್ಟಿಯಲ್ಲಿ ಶೇರಾ ಎಂದು ಟಿಪ್ಪಣಿ ಬರೆಯಬೇಕು. ಹಾಗೆ ಬರೆದದ್ದು ಮಂಜೂರಾದರೆ ಅದನ್ನು ಯಾವ ಅರಣ್ಯ ಗಾರ್ಡೂ ತಡೆಯುವಂತಿಲ್ಲ. ಈ ಗುಡ್ಡದ ಪಟ್ಟಿಯನ್ನು ಚಳಿಗಾಲದಲ್ಲೇ "ಹಕ್ಕು ಯಾವುದೂ ಇಲ್ಲ" ಎಂದು ಮುಚ್ಚಿದ್ದೆ, ಯಾಕೆಂದರೆ ನನ್ನ ಗೆರೆಯಲ್ಲಿ ಒರತೆ ಹೊರಗಿತ್ತು. ಈಗ ಪಟ್ಟಿ ಬಿಚ್ಚಬೇಕಾದರೆ ಯಾಕೆ ಬಿಚ್ಚಿದೆ ಎಂದು ಬರೆಯಬೇಕು. ನಾನು ಹತ್ತದೆ ಗೆರೆ ಎಳೆದೆ ಎಂದು ನನ್ನ ಕೈಯಿಂದಲೇ ಬರೆದು ಸಹಿ ಹಾಕಬೇಕು. ಬೇರೆ ದಾರಿ ಇರಲಿಲ್ಲ. ಸುಮ್ಮನಿದ್ದರೆ ಎರಡು ವರ್ಷಕ್ಕೋ ಐದು ವರ್ಷಕ್ಕೋ ತಪಾಸಣೆಗೆ ಬರುವವನು ಗುಡ್ಡ ಹತ್ತುತ್ತಾನೆ, ಕಲ್ಲು ಕಾಣುತ್ತಾನೆ. ಆಗ ಗೆರೆ ಸರಿಯುತ್ತದೆ, ಪಟ್ಟಿಯಲ್ಲಿ "ಹಕ್ಕು ಇಲ್ಲ" ಎಂದೇ ಇರುತ್ತದೆ, ಇವರು ಕಾಯಮ್ಮಾಗಿ ನೀರು ಕಳೆದುಕೊಳ್ಳುತ್ತಾರೆ. ಬರೆಯುವುದೇ ಸರಿ ಎಂದು ನಿಶ್ಚಯಿಸಿದೆ. ಧೈರ್ಯ ಬಂತೆಂದಲ್ಲ.

ಬರೆಯುವ ಮೊದಲು ನಿಜವಾದ ಕಲ್ಲನ್ನು ನಕಾಶೆಯಲ್ಲಿ ಕೂಡಿಸಬೇಕಿತ್ತು. ಕಲ್ಲಿನ ಚುಕ್ಕಿಯ ನೇರಕ್ಕೆ ಹಲಗೆ ನಿಲ್ಲಿಸಿ, ಮಟ್ಟ ನೋಡಿ, ದಿಕ್ಸೂಚಿಯಿಂದ ತಿರುಗಿಸಿ, ಮೊದಲೇ ಗೊತ್ತಿರುವ ಮೂರು ಗುರುತುಗಳಿಗೆ ನೋಟ ಹಿಡಿಯಬೇಕು. ಪಡುವಣ ದಿನ್ನೆಯ ಸುಣ್ಣ ಬಳಿದ ಕಲ್ಲು, ಹುನ್ನೂರಿನ ಗುಡಿಯ ಕಳಸ, ಜಮಖಂಡಿ ಕಡೆಯ ಗುಡ್ಡದ ಮೇಲಿನ ಬಂಗಲೆಯ ಬಿಳಿ ಗೋಡೆ. ಮೂರು ಗೆರೆಗಳು ಒಂದೇ ಕಡೆ ಕೂಡಿದರೆ ಕೆಲಸ ಸರಿ. ಆದರೆ ಆ ಹೊತ್ತಿಗೆ ಬಿಸಿಲು ಏರಿ ಬಯಲಿನ ಮೇಲೆ ಧೂಳಿನ ಮಸುಕು ಕವಿದಿತ್ತು. ಕಳಸ ಒಂದು ಸಲ ಕಾಣುತ್ತಿತ್ತು, ಒಂದು ಸಲ ಕರಗುತ್ತಿತ್ತು. ಬಂಗಲೆಯ ಗೋಡೆಯನ್ನು ಅಂದಾಜಿನಿಂದಲೇ ಹಿಡಿಯಬೇಕಾಯಿತು. ಮೊದಲ ಪ್ರಯತ್ನದಲ್ಲಿ ಮೂರು ಗೆರೆಗಳ ನಡುವೆ ಹೆಬ್ಬೆರಳು ಕೂಡುವಷ್ಟು ತ್ರಿಕೋನ ಉಳಿಯಿತು. ಎರಡನೆಯದರಲ್ಲಿ ಇನ್ನೂ ದೊಡ್ಡದಾಯಿತು. ನಾನು ಸಿಟ್ಟಿನಿಂದ ರಬ್ಬರ್ ಒತ್ತಿ ಕಾಗದದ ಮೈ ತರಚಿಬಿಟ್ಟೆ.

"ಸಿಟ್ಟ ಕಾಗದದ ಮ್ಯಾಲ ಯಾಕ್ರಿ?" ಎಂದ ಸರಪಳಿಯವ. "ರೊಟ್ಟಿ ತಿನ್ರಿ. ಹೊತ್ತ ಇಳದ ಮ್ಯಾಲ ನೋಡೂಣು."

ರೊಟ್ಟಿ ತಿಂದು ಕಾದೆವು. ಮೂರನೆಯ ಪ್ರಹರಕ್ಕೆ ಪಡುವಣದಲ್ಲಿ ಮೋಡ ಎದ್ದಿತು. ಕುರಿಗಾರ ಮೂಗು ಅರಳಿಸಿ, ಅಡ್ಡಮಳಿ ಬರತೈತಿ, ಕಬ್ಬಿಣ ದೂರ ಒಗೀರಿ ಎಂದ. ಸರಪಳಿಯನ್ನು ಮಾಳದ ಆ ತುದಿಗೆ ಎಸೆದು, ಹಲಗೆಯನ್ನು ಅವನ ಕಂಬಳಿಯಲ್ಲಿ ಸುತ್ತಿ, ತಲೆಯಿಂದ ಇಳಿದು ಒಂದು ತಗ್ಗಿನಲ್ಲಿ ಮೂವರೂ ಕುಕ್ಕರಗಾಲಲ್ಲಿ ಕೂತೆವು. ಗಾಳಿ, ಧೂಳು, ಎರಡು ಸಿಡಿಲು, ಆಮೇಲೆ ದಪ್ಪ ದಪ್ಪ ಹನಿ. ಕಾಲು ಗಂಟೆಯೂ ಇರಲಿಲ್ಲ. ನನ್ನ ಅಂಗಿ ತೋಯ್ದು ಬೆನ್ನಿಗೆ ಅಂಟಿತು, ಹಲಗೆ ಒಣಗಿಯೇ ಇತ್ತು, ಕುರಿಗಾರ ಅದರ ಮೇಲೆ ಬೋರಲಾಗಿ ಬಾಗಿ ಕೂತಿದ್ದ. ಅವನ ನೀರನ್ನು ಕಾಡಿಗೆ ಸೇರಿಸಬೇಕಾದ ಹಲಗೆ ಅದು.

ಮಳೆ ನಿಂತ ಮೇಲೆ ಎದ್ದು ನೋಡಿದರೆ ಧೂಳೆಲ್ಲ ಅಡಗಿ ಬಯಲು ನಿಚ್ಚಳವಾಗಿತ್ತು. ಬಂಗಲೆಯ ಗೋಡೆ, ಕಳಸ, ದಿನ್ನೆಯ ಕಲ್ಲು ಮೂರೂ ಕಾಣುತ್ತಿದ್ದವು. ಓಡಿಹೋಗಿ ಹಲಗೆ ನಿಲ್ಲಿಸಿದೆವು. ನೋಟ ಹಿಡಿದು ಒಂದೊಂದೇ ಗೆರೆ ಎಳೆದೆ. ಮೂರನೆಯದು ಮೊದಲಿನೆರಡು ಕೂಡಿದ ಜಾಗದ ಮೇಲೇ ಹಾಯ್ದಿತು. ಸೂಜಿ ಚುಚ್ಚಿ ಸುತ್ತ ಸಣ್ಣ ವೃತ್ತ ಬರೆದೆ.

ಇಳಿಯುವಾಗ ಒರತೆಯ ಹತ್ತಿರ ಕೂತು ಹೇಳಿಕೆ ಬರೆಯತೊಡಗಿದೆ. ಸೊಸೆಗೆ ಮಾವನೇ ನಡೆದದ್ದನ್ನು ಹೇಳಿದ. ಅವಳು ಮರಿಯನ್ನು ಕೆಳಗಿಟ್ಟು ಎದ್ದು ನಿಂತಳು.

"ನಿಮ್ಮನ್ನ ಯಾರ ಕೇಳಿದ್ರು ಮಾವಾ? ಝಂಡಾ ಕಿತ್ತಂದ್ರ ಸಾಕಿತ್ತು. ಕಲ್ಲ ಯಾಕ ತೋರಸಾಕ ಹೋದ್ರಿ?"

ಮುದುಕ ಬಂದು ನನ್ನ ಮುಂದೆ ಕೂತ. ಬರೆದದ್ದನ್ನು ನಾನು ಓದಿದೆ: "ಈ ಒರತೆಯ ನೀರು ನಮ್ಮ ಹಟ್ಟಿಯದು, ಅದರ ಮೇಲೆ ನಮಗೆ ಹಕ್ಕಿದೆ." ಹೆಬ್ಬಟ್ಟಿಗೆ ಶಾಯಿ ಹಚ್ಚಲು ಅವನ ಕೈ ಹಿಡಿದೆ. ಅವನು ಕೈ ಹಿಂದಕ್ಕೆ ಎಳೆದುಕೊಂಡ.

"ಇದಕ್ಕ ಒತ್ತೂದಿಲ್ರಿ."

ನಾನು ತಬ್ಬಿಬ್ಬಾದೆ. ಅವನಿಗಾಗಿಯೇ ನನ್ನ ನೌಕರಿಯನ್ನು ಪಣಕ್ಕಿಟ್ಟು ಬರೆಯುತ್ತಿದ್ದೇನೆ, ಇವನು ಒತ್ತುವುದಿಲ್ಲ ಎನ್ನುತ್ತಾನೆ. ಸ್ವಲ್ಪ ಜೋರಾಗಿಯೇ ಕೇಳಿದೆ ಯಾಕೆಂದು.

"ನೀರ ನಮ್ಮದು ಅಂತ ನಾವು ಅನ್ನೂದಿಲ್ರಿ. ದೇವ್ರ ಕೊಟ್ಟ ನೀರ. ನಮ್ಮ ಮಂದ್ಯಾಗ ಯಾರೂ ಹಂಗ ಅಂದಿಲ್ಲ. ಅಂದವನ ಹಿಂಡ ಉಳಿಯೂದಿಲ್ಲ."

"ಹಾಗಾದರೆ ನೀರೇ ಉಳಿಯುವುದಿಲ್ಲವಲ್ಲ, ಅಜ್ಜಾ. ಹಕ್ಕು ಕೇಳದವರಿಗೆ ಸರಕಾರ ಹೇಗೆ ಹಕ್ಕು ಬರೆಯುತ್ತದೆ?"

ಸೊಸೆ ಇದನ್ನೆಲ್ಲ ಕೇಳುತ್ತ ನಿಂತಿದ್ದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ, ಆದರೂ ಈ ಮಾತಿನಲ್ಲಿ ಮಾವನ ಕಡೆಗೇ ನಿಂತಳು. "ನಮ್ಮದು ಅಂತ ಯಾಕ ಬರೀತೀರಿ? ಕುರಿ ಕುಡದಾವಿಲ್ಲೋ, ಅದನ್ನ ಬರಿರಿ. ಇವರ ಕುರಿ ಕುಡದಾವ, ಇವರಪ್ಪನ ಕುರಿ ಕುಡದಾವ, ಅವರಪ್ಪನವೂ ಕುಡದಾವ. ಅದು ಖರೆ ಐತಿ."

ಮುದುಕ ತಲೆಯಾಡಿಸಿದ. "ಕುಡದದ್ದು ಖರೆ ಐತ್ರಿ. ಅದಕ್ಕ ಒತ್ತತೇನಿ."

ಮೊದಲಿನ ಕಾಗದ ಹರಿದು ಹೊಸದಾಗಿ ಬರೆದೆ. ನೀರು ಯಾರದು ಎಂಬ ಮಾತೇ ಇಲ್ಲ. ಮುತ್ಯಾನ ಕಾಲದಿಂದ ಪ್ರತಿ ಬೇಸಿಗೆ ಈ ಹಟ್ಟಿಗಳ ಕುರಿಗಳು ಈ ದೋಣಿಗಳಲ್ಲಿ ನೀರು ಕುಡಿಯುತ್ತ ಬಂದಿವೆ, ಇಂಥ ದಾರಿಯಿಂದ ಬಂದು ಇಂಥ ದಾರಿಯಿಂದ ಹೋಗುತ್ತವೆ, ಇಷ್ಟೇ. ಅವನು ಹೆಬ್ಬಟ್ಟು ಒತ್ತಿದ. "ನಂದೂ ಒತ್ತಿಸಿಕೊಳ್ರಿ, ದಿನಾ ಕುಡಸಾಕಿ ನಾ," ಎಂದು ಸೊಸೆ ಕೈ ಚಾಚಿದಳು. ಸಾಕ್ಷಿಗೆ ಸರಪಳಿಯವ ತನ್ನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಬರೆದ.

ಮೂರನೆಯ ದಿನ ಜಮಖಂಡಿಗೆ ಹೋಗಿ ನಮ್ಮ ಮೇಲಧಿಕಾರಿಯ ಮುಂದೆ ಎಲ್ಲವನ್ನೂ ಇಟ್ಟೆ. ಅವರು ಮೊದಲು ನನ್ನ ತಪ್ಪೊಪ್ಪಿಗೆ ಓದಿದರು, ಆಮೇಲೆ ಹೇಳಿಕೆ ಓದಿದರು, ಆಮೇಲೆ ಶಾಯಿ ಕೆರೆದ ಜಾಗವನ್ನು ಬೆಳಕಿಗೆ ಹಿಡಿದು ನೋಡಿದರು.

"ಇದರಾಗ ಹಕ್ಕ ಕೇಳಿದವ್ರು ಯಾರು? ಮಂದಿ ಏನೂ ಕೇಳಿಲ್ಲಲ್ರಿ. ಬರೇ ಕುರಿ ಕುಡದಾವ ಅಂತ ಐತಿ."

"ಹೌದ್ರಿ. ಅದಕ್ಕಿಂತ ಹೆಚ್ಚಿಗೆ ಹೇಳಲು ಅವರು ಒಪ್ಪಲಿಲ್ಲ."

ಅವರು ಹೇಳಿಕೆಯನ್ನು ಇನ್ನೊಮ್ಮೆ ಓದಿದರು. ಆಮೇಲೆ ಶೇರಾದ ಕಾಲಮಿನಲ್ಲಿ, ಮೊದಲಿನಂತೆ ಕುರಿಗಳು ಬಂದು ನೀರು ಕುಡಿದು ಹೋಗಲು ಅಡ್ಡಿಯಿಲ್ಲ ಎಂದು ತಮ್ಮ ಕೈಯಿಂದ ಬರೆದು ಸಹಿ ಹಾಕಿದರು. ಇನ್ನೊಂದು ಹಾಳೆಯ ಮೇಲೆ ನನ್ನ ಕಾಯಂ ನೌಕರಿಯನ್ನು ಒಂದು ವರ್ಷ ಮುಂದಕ್ಕೆ ಹಾಕಿದರು. ಅದಕ್ಕೂ ಇದಕ್ಕೂ ಒಂದೇ ಲೇಖನಿ. ಎರಡನ್ನೂ ಓದಿ ಹೇಳಿ, "ಹೋಗ್ರಿ" ಎಂದರು. ನನಗೆ ಬೇಜಾರಾಗಲಿಲ್ಲ ಎಂದರೆ ಸುಳ್ಳು. ಮನೆಗೆ ಏನು ಬರೆಯಲಿ ಎಂದು ಯೋಚಿಸುತ್ತ ಸ್ಟ್ಯಾಂಡಿನಲ್ಲಿ ಎರಡು ಬಸ್ಸು ಬಿಟ್ಟೆ.

ಡೇರೆ ಬಿಚ್ಚಲು ಹುನ್ನೂರಿಗೆ ಬಂದಾಗ ಸಂಜೆಯಾಗಿತ್ತು. ಹಟ್ಟಿಗೆ ಹೋದೆ. ಮುದುಕ ಹಿಂಡಿನ ಸಂಗಡ ಇನ್ನೂ ಬಂದಿರಲಿಲ್ಲ, ಸೊಸೆ ರೊಟ್ಟಿ ಬಡಿಯುತ್ತಿದ್ದಳು. ಮಂಜೂರಾಯಿತು ಎಂದು ಹೇಳಿ, ನಕಲು ಮಾಡಿಕೊಂಡಿದ್ದ ಸಾಲನ್ನು ಓದಿದೆ. ಇನ್ನೊಮ್ಮೆ ಓದಿಸಿದಳು. ತಾನು ಹೇಳಿದ ಮಾತು ಸರಕಾರದ ಕಾಗದದಲ್ಲಿ ಬಂದದ್ದಕ್ಕೆ ಮುಖದ ಮೇಲೆ ಸಂತೋಷ ಮೂಡಿತು. ನನಗೂ ಹಿಗ್ಗಾಯಿತು. ಇಷ್ಟರ ಮೇಲೆ ನಾನು ಸುಮ್ಮನಿರದೆ, ಈ ಒಂದು ಸಾಲಿಗಾಗಿ ನನ್ನ ಒಂದು ವರ್ಷ ಹೋಯಿತು ಎಂದೂ ಹೇಳಿಕೊಂಡೆ. ಹೊಗಳಿಸಿಕೊಳ್ಳುವ ಆಸೆ ಇರಬೇಕು.

ಅವಳು ಹಿಟ್ಟಿನ ಕೈ ಹಾಗೇ ಹಿಡಿದು ನನ್ನನ್ನು ನೋಡಿದಳು. "ಪಾಪ," ಎಂದಳು. ಆಮೇಲೆ, ನಿಜವಾಗಿ ತಿಳಿದುಕೊಳ್ಳುವುದಕ್ಕೇ ಎಂಬಂತೆ, "ಉಳದ ಗುಡ್ಡ ಎಲ್ಲಾ ಹತ್ತೀರೇನ್ರಿ?" ಎಂದಳು.

ಹತ್ತಿದ್ದೇನೆ ಎನ್ನಬಹುದಿತ್ತು. "ಎರಡು ಹತ್ತಿಲ್ಲ," ಎಂದೆ. ಬೀಳಗಿ ಕಡೆಯವು, ಆ ಎರಡರ ನಕಾಶೆಗೂ ಶಾಯಿ ಬಿದ್ದು ಹಾಳೆಗಳು ಕಚೇರಿ ಸೇರಿದ್ದವು.

"ಅಲ್ಲಿ ನಿಮಗ ಕಲ್ಲ ತೋರಸಾವ್ರು ಯಾರದಾರ್ರಿ?"

ಅವಳು ಬೈದಿರಲಿಲ್ಲ. ತಿರುಗಿ ರೊಟ್ಟಿ ಬಡಿಯತೊಡಗಿದ್ದಳು. ಒಂದು ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಹಾಕಿ ಕೊಟ್ಟಳು, ತಿಂದು ಡೇರೆಗೆ ಬಂದೆ. ಮರುದಿನ ಮೊದಲ ಬಸ್ಸಿಗೆ ಜಮಖಂಡಿಗೆ ಹೋಗಿ, ಆ ಎರಡು ಹಾಳೆಗಳನ್ನು ಮರಳಿ ಕೊಡಬೇಕೆಂದು ಅರ್ಜಿ ಬರೆದುಕೊಟ್ಟೆ. ಮೇಲಧಿಕಾರಿ ಕಾರಣ ಕೇಳಿದರು, ಹೇಳಿದೆ, ಹಾಳೆಗಳನ್ನು ಕೊಟ್ಟರು. ಹೊರಗೆ ಮಳೆ ಶುರುವಾಗಿತ್ತು. ಸರಪಳಿಯವ ಕಚೇರಿಯ ಕಟ್ಟೆಯ ಮೇಲೆ ಹಲಗೆ ಹಿಡಿದು ಕೂತಿದ್ದ. "ಬೀಳಗಿ ಗುಡ್ಡಕ್ಕೆ," ಎಂದೆ. ಅವನು ಎದ್ದು ಅದನ್ನು ತಲೆಯ ಮೇಲಿಟ್ಟುಕೊಂಡ.